ರೇಡಿಯೋ ಕಾಂಟೆಸ್ಟ್‌ನಲ್ಲಿ ಎಲ್ಲಿ ಎಡವಿದಿರಿ? ಲಾಗ್ ಬಿಚ್ಚಿ ನೋಡಿ

ಹ್ಯಾಮ್ ರೇಡಿಯೋ ಕಾಂಟೆಸ್ಟ್ ಅಂದರೆ ಗೊತ್ತಾದ ಅವಧಿಯಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ರೇಡಿಯೋದಲ್ಲಿ ಸಂಪರ್ಕಿಸಿ, ಒಂದೊಂದು ಕಾಂಟ್ಯಾಕ್ಟನ್ನೂ ಲಾಗ್‌ನಲ್ಲಿ ಬರೆಯುವ ಸ್ಪರ್ಧೆ. ಅದು ಮುಗಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸ್ಕೋರ್ ಮೇಲೆ. ಆದರೆ ಆ ಅಂಕಿ ನಿಮ್ಮ ಸಾಫ್ಟ್‌ವೇರ್ ಹೇಳಿದ ಲೆಕ್ಕ, ಅಷ್ಟೇ. ಸಂಘಟಕರು ಎಲ್ಲರ ಲಾಗ್‌ಗಳನ್ನೂ ಒಂದಕ್ಕೊಂದು ತಾಳೆ ನೋಡಿದ ಮೇಲೆ ಉಳಿಯುವುದೇ ನಿಜವಾದ ಸ್ಕೋರ್. ಮೊದಲ ಸಲ ನನ್ನ ಸ್ಕೋರ್ ಇಳಿದಾಗ ಅವರ ಲೆಕ್ಕವೇ ತಪ್ಪು ಅಂದುಕೊಂಡಿದ್ದೆ. ರೆಕಾರ್ಡಿಂಗ್ ಕೇಳಿದ ಮೇಲೆ ಸುಮ್ಮನಾದೆ.

ಮೊದಲನೆಯ ಕೆಲಸ ಮಲಗುವ ಮುಂಚೆಯೇ ಆಗಬೇಕು. ಹತ್ತು ನಿಮಿಷ ಕೂತು ತಲೆಯಲ್ಲಿರುವುದನ್ನೆಲ್ಲ ಗೀಚಿಡಿ: ಯಾವ ಬ್ಯಾಂಡ್‌ನಲ್ಲಿ (ಫ್ರೀಕ್ವೆನ್ಸಿಗಳ ಪಟ್ಟಿಯಲ್ಲಿ) ಪವರ್ ಹೆಚ್ಚಿಸಿದಾಗ ಮೈಕ್‌ನಲ್ಲಿ ಗೊರಗೊರ ಬಂತು, ಹೆಡ್‌ಸೆಟ್ ಎಷ್ಟು ಹೊತ್ತಿಗೆ ಕಿವಿ ಹಿಂಡಿತು, ಯಾವಾಗ ನಿದ್ದೆ ಹೊಡೆಯಿತು. ಎರಡು ದಿನ ಬಿಟ್ಟರೆ ಇದೆಲ್ಲ ಮರೆತುಹೋಗಿ, 'ಪ್ರಾಪಗೇಷನ್ ಸರಿ ಇರಲಿಲ್ಲ', ಅಂದರೆ ರೇಡಿಯೋ ಅಲೆಗಳು ದೂರ ಹೋಗಲಿಲ್ಲ ಅನ್ನುವ ಒಂದೇ ನೆಪ ಉಳಿಯುತ್ತದೆ.

ಆಮೇಲೆ ಲಾಗ್‌ನಲ್ಲಿ ಖಾಲಿ ಜಾಗ ಹುಡುಕಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೂ ಕಾಂಟ್ಯಾಕ್ಟ್ ಇಲ್ಲದ ಕಡೆಯೆಲ್ಲ ಗುರುತು ಹಾಕಿ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ನೆನಪಿಸಿಕೊಳ್ಳಿ. ನನ್ನ ವಿಷಯದಲ್ಲಿ ಉತ್ತರ ಬಹಳ ಸಲ ಒಂದೇ: ಒಂದು ಅಪರೂಪದ ಸ್ಟೇಷನ್ ಹಿಂದೆ ಬಿದ್ದು, ದೊಡ್ಡ ಪೈಲ್‌ಅಪ್‌ನಲ್ಲಿ (ಒಂದೇ ಸ್ಟೇಷನ್‌ಗೆ ಎಲ್ಲರೂ ಒಟ್ಟಿಗೆ ಕರೆಯುವ ಗುಂಪಿನಲ್ಲಿ) ಅರ್ಧ ಗಂಟೆ ಕೂಗುತ್ತಾ ಕೂತಿರುತ್ತೇನೆ. ಅಷ್ಟರಲ್ಲಿ ಬ್ಯಾಂಡ್ ಉದ್ದಕ್ಕೂ ಒಂದು ಸುತ್ತು ಹೋಗಿದ್ದರೆ ಎಷ್ಟೋ ಸುಲಭದ ಸ್ಟೇಷನ್‌ಗಳು ಸಿಗುತ್ತಿದ್ದವು, ಅಲ್ವಾ? ಮೂರ್ನಾಲ್ಕು ಸಲ ಕರೆದರೂ ಸಿಗದಿದ್ದರೆ ಆ ಫ್ರೀಕ್ವೆನ್ಸಿಯನ್ನು ಮೆಮೊರಿಗೆ ಹಾಕಿ ಮುಂದೆ ಹೋಗಿ, ಗುಂಪು ಕರಗಿದ ಮೇಲೆ ವಾಪಸ್ ಬನ್ನಿ.

ನಿಜವಾದ ಪಾಠ ಇರುವುದು ಲಾಗ್ ತಪಾಸಣೆ ವರದಿಯಲ್ಲಿ. ದೊಡ್ಡ ಕಾಂಟೆಸ್ಟ್‌ಗಳಲ್ಲಿ ನಿಮ್ಮ ಒಂದೊಂದು ತಪ್ಪನ್ನೂ ಇದರಲ್ಲಿ ತೋರಿಸಿರುತ್ತಾರೆ. ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಸಂಕೇತ) ತಪ್ಪು, ಎಕ್ಸ್‌ಚೇಂಜ್ (ಕಾಂಟ್ಯಾಕ್ಟ್‌ನಲ್ಲಿ ಪರಸ್ಪರ ಹೇಳಿಕೊಳ್ಳುವ ಮಾಹಿತಿ) ತಪ್ಪು, ಎದುರಿನವರ ಲಾಗ್‌ನಲ್ಲಿ ನೀವೇ ಇಲ್ಲ, ಹೀಗೆ ಬೇರೆ ಬೇರೆ ಗುಂಪು ಮಾಡಿಕೊಳ್ಳಿ. ಎಲ್ಲ ತಪ್ಪಿಗೂ ಒಂದೇ ಬೆಲೆ ಇಲ್ಲ. ಸಿಕ್ಯೂ ವರ್ಲ್ಡ್ ವೈಡ್ ಎಂಬ ದೊಡ್ಡ ಕಾಂಟೆಸ್ಟ್‌ನಲ್ಲಿ ಕಾಲ್‌ಸೈನ್ ತಪ್ಪಾಗಿ ಬರೆದರೆ ಆ ಕಾಂಟ್ಯಾಕ್ಟ್ ಹೋಗುವುದಲ್ಲದೆ, ಅದರ ಅಂಕದ ಎರಡರಷ್ಟು ದಂಡವೂ ಬೀಳುತ್ತದೆ. ಅಂದರೆ 3 ಅಂಕದ ಕಾಂಟ್ಯಾಕ್ಟ್ ತಪ್ಪಿದರೆ ಒಟ್ಟು 9 ಅಂಕ ಖೋತಾ. ಅದೇ ಮಲ್ಟಿಪ್ಲೈಯರ್ (ಒಟ್ಟು ಅಂಕವನ್ನು ಗುಣಿಸುವ ಲೆಕ್ಕಕ್ಕೆ ಸೇರುವ ಕಾಂಟ್ಯಾಕ್ಟ್) ಕೂಡ ಆಗಿದ್ದರೆ ಹೊಟ್ಟೆ ಉರಿ ಬೇರೆ. ಹಾಗಾಗಿ ಅನುಮಾನ ಬಂದರೆ ಇನ್ನೊಮ್ಮೆ ಕೇಳಿ, ಮೂರು ಸೆಕೆಂಡ್ ಹೋದರೆ ಹೋಗಲಿ.

ಕಾಲ್‌ಸೈನ್ ತಪ್ಪುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದರೆ ನಿಮ್ಮ ಕಿವಿಯ ಚಾಳಿ ಗೊತ್ತಾಗುತ್ತದೆ. ಮೋರ್ಸ್‌ನಲ್ಲಿ ಎಸ್ ಮೂರು ಚುಕ್ಕಿ, ಎಚ್ ನಾಲ್ಕು, 5 ಐದು. ವೇಗ ಹೆಚ್ಚಾದಾಗ ನನಗೆ ಮೂರೂ ಒಂದೇ. ಬಿ ಮತ್ತು 6, ವಿ ಮತ್ತು 4 ಕೂಡ ಅಷ್ಟೇ, ಒಂದು ಚುಕ್ಕಿಯ ವ್ಯತ್ಯಾಸ. ಬರೀ ಈ ಅಕ್ಷರಗಳನ್ನೇ ಕಲಸಿ ದಿನಾ ಹದಿನೈದು ನಿಮಿಷ ಕೇಳಿದರೆ ಸಾಕು, ಇಡೀ ಮೋರ್ಸ್ ಮತ್ತೆ ಕಲಿಯಬೇಕಿಲ್ಲ. ಫೋನ್ ಮೋಡ್‌ನಲ್ಲಿ, ಅಂದರೆ ಬಾಯಲ್ಲಿ ಮಾತಾಡುವಾಗ, ಬಿ, ಡಿ, ಪಿ, ಟಿ ಗೊಂದಲವಾದರೆ ಬ್ರಾವೋ, ಡೆಲ್ಟಾ ಅಂತ ನೀವೇ ತಿರುಗಿ ಹೇಳಿ, ತಪ್ಪಿದ್ದರೆ ಅವರು ತಿದ್ದುತ್ತಾರೆ.

ಎಕ್ಸ್‌ಚೇಂಜ್ ತಪ್ಪುಗಳಲ್ಲಿ ಬಹುಪಾಲು ಸೋಮಾರಿತನ. ಸಾಫ್ಟ್‌ವೇರ್ ಕಾಲ್‌ಸೈನ್ ನೋಡಿ ಝೋನ್ (ಎಕ್ಸ್‌ಚೇಂಜ್‌ನಲ್ಲಿ ಹೇಳುವ, ಜಗತ್ತಿನ ವಲಯದ ಸಂಖ್ಯೆ) ತಾನೇ ತುಂಬಿರುತ್ತದೆ, ನಾವು ಎಂಟರ್ ಒತ್ತುತ್ತೇವೆ. ಅಲಾಸ್ಕಾ, ಹವಾಯಿ ಬಿಟ್ಟರೂ ಅಮೆರಿಕದಲ್ಲೇ 3, 4, 5 ಎಂದು ಮೂರು ಝೋನ್ ಇವೆ, ಅಲ್ಲಿ ಊರು ಬದಲಾಯಿಸಿದವರು ಹಳೆಯ ಕಾಲ್‌ಸೈನ್‌ನಲ್ಲೇ ಇರಬಹುದು. ಕಿವಿಗೆ ಬಿದ್ದದ್ದನ್ನೇ ಬರೆಯಿರಿ.

ಎದುರಿನವರ ಲಾಗ್‌ನಲ್ಲಿ ನೀವಿಲ್ಲ ಅಂದರೆ, ಅವರು ಬೇರೆ ಯಾರಿಗೋ ಉತ್ತರ ಕೊಟ್ಟದ್ದನ್ನು ನೀವು ನಿಮಗೇ ಅಂದುಕೊಂಡಿರಬಹುದು. ಅಥವಾ ಕ್ಲಸ್ಟರ್‌ನಲ್ಲಿ (ಯಾವ ಸ್ಟೇಷನ್ ಎಲ್ಲಿ ಕೇಳಿಸುತ್ತಿದೆ ಎಂದು ಎಲ್ಲರೂ ಹಂಚಿಕೊಳ್ಳುವ ಆನ್‌ಲೈನ್ ಪಟ್ಟಿಯಲ್ಲಿ) ಯಾರೋ ತಪ್ಪಾಗಿ ಹಾಕಿದ ಕಾಲ್‌ಸೈನನ್ನೇ ಕಣ್ಣುಮುಚ್ಚಿ ಲಾಗ್ ಮಾಡಿರಬಹುದು. ಆ ಪಟ್ಟಿಯ ನಮೂದಿನ (ಸ್ಪಾಟ್) ಮೇಲೆ ಕ್ಲಿಕ್ ಮಾಡಿದ ಮೇಲೂ ಅವರ ಬಾಯಿಂದಲೇ ಕಾಲ್‌ಸೈನ್ ಕೇಳುವ ತನಕ ಎಂಟರ್ ಒತ್ತಬೇಡಿ. ಹಾಗೆಯೇ, ಡ್ಯೂಪ್ ಬಂದರೆ, ಅಂದರೆ ಆಗಲೇ ಲಾಗ್‌ನಲ್ಲಿರುವ ಸ್ಟೇಷನ್ ಅದೇ ಬ್ಯಾಂಡ್‌ನಲ್ಲಿ ಮತ್ತೆ ಕರೆದರೆ, ವಾದ ಮಾಡದೆ ಮತ್ತೆ ಕಾಂಟ್ಯಾಕ್ಟ್ ಮಾಡಿ, ಲಾಗ್‌ನಿಂದ ತೆಗೆಯಲೂ ಬೇಡಿ. ಮೊದಲ ಸಲದ್ದು ಅವರ ಲಾಗ್‌ಗೆ ಸೇರಿಯೇ ಇಲ್ಲದಿರಬಹುದು.

ಗಡಿಯಾರದ ವಿಷಯ ಒಂದೇ ಮಾತು: ಶುರುವಾಗುವ ಮೊದಲೇ ಕಂಪ್ಯೂಟರ್ ಸಮಯ ಸರಿಮಾಡಿ, ಲಾಗ್ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಹೋಗುತ್ತಿದೆಯಾ ನೋಡಿ.

ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ವರದಿಯಲ್ಲಿ ತಪ್ಪು ಕಂಡ ನಿಮಿಷಕ್ಕೆ ನೇರ ಹೋಗಿ ಕೇಳಿದರೆ, ಕಿವಿ ತಪ್ಪಿತೋ ಬೆರಳು ತಪ್ಪಿತೋ ಗೊತ್ತಾಗುತ್ತದೆ. ಆದರೆ ಲಾಗ್ ಕಳಿಸುವ ಮುಂಚೆ ಅದನ್ನು ಕೇಳಿ ಕಾಲ್‌ಸೈನ್ ತಿದ್ದುವ ಹಾಗಿಲ್ಲ, ಸಿಕ್ಯೂ ವರ್ಲ್ಡ್ ವೈಡ್ ನಿಯಮ ಇದನ್ನು ಒಪ್ಪುವುದಿಲ್ಲ. ಲಾಗ್ ಕಳಿಸಲು ಅಲ್ಲಿ 5 ದಿನವಷ್ಟೇ ಇರುತ್ತದೆ. ತಪ್ಪುಗಳ ಸಮೇತ ಹಾಗೇ ಕಳಿಸಿಬಿಡಿ, ರೆಕಾರ್ಡಿಂಗ್ ಆಮೇಲೆ ಕೇಳಿ.