ಪ್ರವೇಶಕ್ಕೆ ವಿಡಿಯೊ ಆಡಿಷನ್: ತಯಾರಿ ಹೇಗೆ?

ಸಂಗೀತ, ನೃತ್ಯ, ನಾಟಕ ಕಲಿಸುವ ಶಾಲೆಗಳಿಗೆ ಸೇರಬಯಸುವವರು ತೀರ್ಪುಗಾರರೆದುರು ನಿಲ್ಲುವ ಮೊದಲೇ ಮನೆಯಲ್ಲಿ ಚಿತ್ರೀಕರಿಸಿದ ವಿಡಿಯೊ ಕಳುಹಿಸಬೇಕಾದ ಸಂದರ್ಭಗಳು ಕೋವಿಡ್ ನಂತರ ಹೆಚ್ಚಿವೆ. ನ್ಯೂಯಾರ್ಕ್‌ನ ಜೂಲಿಯಾರ್ಡ್ ಶಾಲೆಯಲ್ಲಿ ಹಲವು ವಾದ್ಯಗಳಿಗೆ ಮೊದಲ ಸುತ್ತು ವಿಡಿಯೊದ್ದೇ; ಅದರಲ್ಲಿ ಆಯ್ಕೆಯಾದವರಿಗಷ್ಟೇ ಮುಂದಿನ ಕರೆ. ಇಲ್ಲಿ ಮುಖ್ಯವಾಗಿ ಕರ್ನಾಟಕ ಸಂಗೀತದ ಗಾಯನ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಿಯ ಕ್ರಮವನ್ನು ವಿವರಿಸಲಾಗಿದೆ.

ಮೊದಲ ಕೆಲಸ ಪ್ರಕಟಣೆಯನ್ನು ಪೂರ್ತಿಯಾಗಿ ಓದುವುದು. ಎಷ್ಟು ರಚನೆಗಳು, ಎಷ್ಟು ನಿಮಿಷ, ಪಕ್ಕವಾದ್ಯ ಇರಬಹುದೇ, ಆರಂಭದಲ್ಲಿ ಹೆಸರು ಹೇಳಬೇಕೇ, ಕಡತಕ್ಕೆ ಯಾವ ಹೆಸರಿಡಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ವಿದೇಶಿ ಶಾಲೆಯಾದರೆ ಗಡುವು ಅಲ್ಲಿನ ಗಡಿಯಾರದ್ದೇ ಎಂದು ನೋಡಿಕೊಳ್ಳಬೇಕು: ನ್ಯೂಯಾರ್ಕ್‌ನಲ್ಲಿ ಡಿಸೆಂಬರ್ 1ರ ರಾತ್ರಿ 11.59 ಆಗುವಾಗ ನಮ್ಮಲ್ಲಿ ಮರುದಿನ ಬೆಳಿಗ್ಗೆ 10.29.

ರಚನೆಗಳ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ತೀರ್ಪುಗಾರರನ್ನು ಬೆರಗುಗೊಳಿಸಲೆಂದು ಮೊನ್ನೆಯಷ್ಟೇ ಪಾಠವಾದ ತೋಡಿ ರಾಗದ ಕೃತಿಗೆ ಕೈಹಾಕುವ ಬದಲು, ಮೂರು ವರ್ಷಗಳಿಂದ ನಾಲಿಗೆಯ ಮೇಲಿರುವ ಮೋಹನ ರಾಗದ ಕೃತಿಯನ್ನು ಹಾಡುವುದೇ ಮೇಲು. ಎರಡು ಕಾಲಗಳಲ್ಲಿ, ಅಂದರೆ ಎರಡು ವೇಗಗಳಲ್ಲಿ, ಒಂದು ವರ್ಣ (ಅಭ್ಯಾಸಕ್ಕೂ ಕಛೇರಿಗೂ ಬಳಸುವ ರಚನೆ), ಪುಟ್ಟ ಆಲಾಪನೆಯೊಂದಿಗೆ ಒಂದು ಕೃತಿ, ನಾಲ್ಕಾರು ಆವರ್ತನ (ತಾಳದ ಸುತ್ತು) ಕಲ್ಪನಾಸ್ವರ, ಇಷ್ಟಿದ್ದರೆ ಶ್ರುತಿ, ಲಯ, ಮನೋಧರ್ಮ (ಸ್ಥಳದಲ್ಲೇ ಕಲ್ಪಿಸಿ ಹಾಡುವ ಶಕ್ತಿ) ಮೂರೂ ತಿಳಿದುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಧ್ವನಿ. ದೊಡ್ಡ ಹಾಲ್‌ನಲ್ಲಿ ಸ್ವರಗಳು ಗುಂಯ್‌ಗುಡುತ್ತವೆ. ಪರದೆ, ಹಾಸಿಗೆ, ಬಟ್ಟೆಯ ಬೀರು ಇರುವ ಮಲಗುವ ಕೋಣೆ ವಾಸಿ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಅಡುಗೆಮನೆಯಲ್ಲಿ ಕುಕ್ಕರ್ ಏರಿಸುವವರಿಗೂ ಮೊದಲೇ ಹೇಳಿಡಿ, ಏಕೆಂದರೆ ಅದರ ಸೀಟಿ ಅನುಪಲ್ಲವಿಯ ಹೊತ್ತಿಗೇ ಸರಿಯಾಗಿ ಬರುತ್ತದೆ. ತಂಬೂರಿ ಆ್ಯಪ್ ಚಿತ್ರೀಕರಿಸುವ ಮೊಬೈಲಿನಲ್ಲಿರದೆ ಬೇರೊಂದರಲ್ಲಿ, ಗಾಯಕರ ಪಕ್ಕದಲ್ಲಿರಲಿ. ಪರಿಚಯದ ಹುಡುಗಿಯೊಬ್ಬಳು ಆನ್‌ಲೈನ್ ಮೀಟಿಂಗ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದಾಗ ತಂಬೂರಿಯೇ ಮಾಯವಾಗಿತ್ತು. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಬಗೆದು ಅಳಿಸಿಹಾಕುವುದು ಇಂಥ ಆ್ಯಪ್‌ಗಳ ಗುಣ, ಮತ್ತು ತಂಬೂರಿಗಿಂತ ಏಕಸಮನಾದ ಸದ್ದು ಇನ್ನಾವುದಿದೆ? ಆದ್ದರಿಂದ ಮೊಬೈಲಿನ ಕ್ಯಾಮೆರಾದಲ್ಲೇ ಚಿತ್ರೀಕರಿಸಿ. ಬ್ಲೂಟೂತ್ ಇಯರ್‌ಫೋನನ್ನು ಮೈಕ್ ಆಗಿ ಬಳಸಿದರೆ ಧ್ವನಿ ತುಸು ತಡವಾಗಿ ಬಂದು, ತಾಳದ ಪೆಟ್ಟು ಒಂದೆಡೆ, ಸ್ವರ ಇನ್ನೊಂದೆಡೆ ಕಾಣಿಸಬಹುದು. ಮೊದಲು ಎರಡು ನಿಮಿಷ, ಮಂದ್ರ ಪಂಚಮದಿಂದ (ಕೆಳಸ್ಥಾಯಿಯ ‘ಪ’) ನಿಮ್ಮ ಅತಿ ಎತ್ತರದ ಸ್ವರದವರೆಗೆ ಹಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ತಾರಸ್ಥಾಯಿಯಲ್ಲಿ ಧ್ವನಿ ಒಡೆದರೆ ಮೊಬೈಲನ್ನು ಒಂದೆರಡು ಅಡಿ ಹಿಂದಕ್ಕೆ ಸರಿಸಿ.

ಚಿತ್ರಕ್ಕೆ ಇಷ್ಟು ಸಾಕು: ಮೊಬೈಲ್ ಅಡ್ಡಲಾಗಿ ಸ್ಟ್ಯಾಂಡಿನ ಮೇಲಿರಲಿ, ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ, ತಾಳ ಹಾಕುವ ಕೈ ಚೌಕಟ್ಟಿನೊಳಗಿರಲಿ. ನೃತ್ಯವಾದರೆ ಅಡವು (ನೃತ್ಯದ ಮೂಲ ಹೆಜ್ಜೆ) ಹಾಕುವ ಪಾದಗಳು ಒಮ್ಮೆಯೂ ಚೌಕಟ್ಟಿನಿಂದ ಹೊರಹೋಗಬಾರದು. ನಾಟಕದ ಸ್ವಗತಕ್ಕೆ ಸೊಂಟದಿಂದ ಮೇಲಿನ ಚಿತ್ರ ಸಾಮಾನ್ಯವಾಗಿ ಒಪ್ಪುತ್ತದೆ.

ಕತ್ತರಿ ಪ್ರಯೋಗ ಮಾತ್ರ ಬೇಡ. ಒಂದು ರಚನೆ ಆರಂಭದಿಂದ ಕೊನೆಯವರೆಗೆ ಒಂದೇ ಓಟದಲ್ಲಿರಬೇಕೆಂಬುದು ಬಹುತೇಕ ಕಡೆಯ ನಿಯಮ. ಪ್ರತಿಧ್ವನಿ ಸೇರಿಸುವುದು, ಶ್ರುತಿ ತಿದ್ದುವುದು ಅನುಮಾನಕ್ಕೆ ದಾರಿ. ಒಂದು ಸಂಗತಿ (ಅದೇ ಸಾಲನ್ನು ಬೇರೆ ಬಗೆಯಲ್ಲಿ ಹಾಡುವುದು) ಜಾರಿದರೂ ನಿಲ್ಲಿಸದೆ ಮುಗಿಸಿ, ಏಕೆಂದರೆ ಜಾರಿದ ಮೇಲೆ ಹೇಗೆ ಸಾವರಿಸಿಕೊಂಡಿರಿ ಎಂಬುದನ್ನೂ ಬಲ್ಲವರು ಗಮನಿಸುತ್ತಾರೆ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಾಡಿದರೆ ಕಂಠ ಬಳಲುವುದರಿಂದ ಚಿತ್ರೀಕರಣವನ್ನು ಎರಡು ಮೂರು ದಿನಗಳಿಗೆ ಹಂಚಿಕೊಳ್ಳುವುದು ಒಳ್ಳೆಯದು. ಕೊನೆಯ ಆಯ್ಕೆಯನ್ನು ಗುರುಗಳಿಗೆ ಬಿಡಿ. ಅಮ್ಮನ ಕಿವಿಗೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ.

ಹತ್ತು ನಿಮಿಷದ ಫುಲ್ ಎಚ್‌ಡಿ ವಿಡಿಯೊ ಅನೇಕ ಮೊಬೈಲುಗಳಲ್ಲಿ 1 ಜಿಬಿ ಮೀರುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊದಂತೆ ಕಂಪ್ಯೂಟರಿಗೆ ದಾಟಿಸಿದರೆ ಗುಣಮಟ್ಟ ಕುಸಿಯುತ್ತದೆ. ಯುಎಸ್‌ಬಿ ಕೇಬಲ್ ಬಳಸಿ. ಶಾಲೆ ಗೂಗಲ್ ಡ್ರೈವ್ ಲಿಂಕ್ ಕೇಳಿದ್ದರೆ, ಲಿಂಕ್ ಇರುವ ಯಾರಾದರೂ ನೋಡಬಹುದೆಂಬ ಅನುಮತಿ ಕೊಟ್ಟು, ನಿಮ್ಮ ಖಾತೆ ಇಲ್ಲದ ಇನ್ನೊಬ್ಬರ ಮೊಬೈಲಿನಲ್ಲಿ ಅದನ್ನು ತೆರೆದು ಕೊನೆಯ ಮಂಗಳದವರೆಗೂ ಓಡಿಸಿ ನೋಡಿ, ಆಮೇಲಷ್ಟೇ ಅರ್ಜಿ ಸಲ್ಲಿಸಿ.