ಲೋವರ್ ಮಾಡಿದ ಸ್ವಿಫ್ಟ್, ಪುಣೆಯ ರಸ್ತೆ: ಬಡಿತ ಕಡಿಮೆ ಮಾಡಿದ್ದು ಹೀಗೆ

ಲೋವರ್ ಮಾಡಿದ, ಅಂದರೆ ಎತ್ತರ ಇಳಿಸಿದ ಕಾರು ಗುಂಡಿ, ಹಂಪ್‌ಗೆ ಬಡಿಯುತ್ತದೆ ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು: ಸ್ಪ್ರಿಂಗ್ ಗಟ್ಟಿ ಇದೆ, ಮೆತ್ತಗಿನದು ಹಾಕಿಸಿ. ನನ್ನ ಸ್ವಿಫ್ಟ್‌ಗೆ ಹಾಗೆ ಮಾಡಿದ್ದರೆ ಬಡಿತ ಇನ್ನೂ ಜಾಸ್ತಿ ಆಗುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಕಾರು ಎರಡನೇ ತಲೆಮಾರಿನ ಸ್ವಿಫ್ಟ್, 2011ರಲ್ಲಿ ಬಂದ ಮಾದರಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು ಮುಂದೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದರು. ಹಿಂದೆ ಕಂಪನಿಯ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿದ್ದರು. ಮೇಲೆ 17 ಇಂಚಿನ ಅಲಾಯ್ ಗಾಲಿ, 205/45 ಟೈರು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕೊಂಡಿದ್ದರಲ್ಲಿ ಅರ್ಧ ಕಾರಣ ಆ ನೋಟವೇ. ಹಾಗಾಗಿ ಪೂರ್ತಿ ಕಂಪನಿ ಎತ್ತರಕ್ಕೆ ವಾಪಸ್ ಹೋಗುವ ಮನಸ್ಸು ಇರಲಿಲ್ಲ.

ಆದರೆ ಓಡಿಸಬೇಕಾದದ್ದು ದಿನಾ ಕೋಥ್ರೂಡ್‌ನಿಂದ ಹಿಂಜವಡಿಗೆ. ಚಾಂದನಿ ಚೌಕ ದಾಟಿ ಹೆದ್ದಾರಿ, ಬಾಣೇರ್, ವಾಕಡ್, ಆಮೇಲೆ ಐಟಿ ಪಾರ್ಕಿನ ಒಳರಸ್ತೆ. ಹೆದ್ದಾರಿಯಲ್ಲಿ ಸೇತುವೆಯ ಜಾಯಿಂಟು, ಒಳಗೆ ಸೊಸೈಟಿಗೊಂದು ಹಂಪ್, ಮಳೆಗಾಲದಲ್ಲಿ ಗುಂಡಿ. ವಾರದ ಕೊನೆಗೆ ಅವ್ವನನ್ನು ಏರಂಡವಣೆಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರೆ, "ನಾ ಮುಂದ ಕುಂದರ್ತೀನಿ, ಹಿಂದ ಒಲ್ಲೆ" ಅನ್ನುತ್ತಿದ್ದಳು. ಸೊಂಟ ನೋವಿನ ಮಾತು ಅಂತ ಬಿಡಬಹುದಿತ್ತು. ಆದರೆ ಹಿಂದಿನ ಸೀಟು ಹಿಂದಿನ ಗಾಲಿಗೆ ಹತ್ತಿರ ಇರುತ್ತದೆ, ಕತ್ತರಿಸಿದ ಸ್ಪ್ರಿಂಗ್ ಇದ್ದದ್ದೂ ಅಲ್ಲೇ. ಅವಳ ದೂರಿನಲ್ಲೇ ಅರ್ಧ ಉತ್ತರ ಇತ್ತು.

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಬ್ಬ ಮೆಕ್ಯಾನಿಕ್ ನಮ್ಮ ಏರಿಯಾದಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಮರಾಠಿಯಲ್ಲಿ ಶುರು ಮಾಡಿ, ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಬಂದವರು. ಒಂದು ಸುತ್ತು ಓಡಿಸಿ ಬಂದು ಹೇಳಿದ್ದು ಇಷ್ಟು: "ಸ್ಪ್ರಿಂಗ್ ಅಲ್ರೀ ಸರ, ರಬ್ಬರ್ ಬಡಿಯಾಕತ್ತೈತಿ. ಮೊದಲ ಗಾಲಿ ಬಿಚ್ಚಿ ಅಳತಿ ನೋಡೂಣು."

ರಬ್ಬರ್ ಅಂದರೆ ಬಂಪ್ ಸ್ಟಾಪ್. ಶಾಕಪ್‌ನ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ರಾಡ್ ಮೇಲೆ ಕೂತಿರುವ ಫೋಮಿನ ತುಂಡು. ದೊಡ್ಡ ಗುಂಡಿಗೆ ಬಿದ್ದಾಗ ಶಾಕಪ್ ಪೂರ್ತಿ ಒಳಗೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ತಡೆಯುವುದು ಅದರ ಕೆಲಸ. ಕಂಪನಿ ಎತ್ತರದಲ್ಲಿ ಗಾಲಿಗೆ ಮೇಲೆ ಹೋಗಲು ಸಾಕಷ್ಟು ಜಾಗ ಇರುತ್ತದೆ. ಕಾರನ್ನು 45 ಮಿಮೀ ಇಳಿಸಿದರೆ ಆ ಜಾಗದಲ್ಲಿ 45 ಮಿಮೀ ಹೋಯಿತು, ಅಷ್ಟೇ. ಉಳಿದದ್ದರಲ್ಲಿ ಸ್ಪ್ರಿಂಗ್ ಕೆಲಸ ಮುಗಿಸಬೇಕು. ಮುಗಿಸಲಾಗದಿದ್ದರೆ ಭಾರ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ, ಅದು ಸ್ಪ್ರಿಂಗಿಗಿಂತ ಎಷ್ಟೋ ಪಟ್ಟು ಗಟ್ಟಿ. ಇಂಥ ಕಾರಿಗೆ ಇನ್ನೂ ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಏನಾಗುತ್ತದೆ? ಇನ್ನೂ ಬೇಗ ಹೋಗಿ ಬಂಪ್ ಸ್ಟಾಪಿಗೆ ತಗಲುತ್ತದೆ. ಕೂತವರಿಗೆ ಅದು "ಗಟ್ಟಿ ಸ್ಪ್ರಿಂಗ್" ಅನ್ನಿಸುತ್ತದೆ.

ಇದನ್ನು ನೋಡಲು ಒಂದು ಕೇಬಲ್ ಟೈ ಸಾಕು. ಗಾಲಿ ಬಿಚ್ಚಿ, ಮುಂದಿನ ಶಾಕಪ್‌ನ ಧೂಳಿನ ಕವರ್ ಮೇಲೆತ್ತಿ, ರಾಡ್‌ಗೆ ಕೇಬಲ್ ಟೈಯನ್ನು ಬಿಗಿಯಾಗಿ ಸುತ್ತಬೇಕು. ಗಾಲಿ ಹಾಕಿ ಕಾರನ್ನು ನೆಲಕ್ಕಿಳಿಸಿ, ಸ್ವಲ್ಪ ಮುಂದೆ ಹಿಂದೆ ಮಾಡಿ, ಟೈಯನ್ನು ಶಾಕಪ್ ಬಾಡಿಯ ತುದಿಗೆ ತಾಗಿಸಿ ಇಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಅಲ್ಲಿಗೆ ಕೈ ಎಟುಕುತ್ತದೆ. ಆಮೇಲೆ ದಿನಾ ಹೋಗುವ ದಾರಿಯಲ್ಲೇ ಓಡಿಸಿ ಬನ್ನಿ. ಶಾಕಪ್ ಒತ್ತಿದಾಗೆಲ್ಲ ಬಾಡಿ ಆ ಟೈಯನ್ನು ರಾಡ್ ಮೇಲೆ ತಳ್ಳುತ್ತದೆ. ಎಲ್ಲಿ ನಿಂತಿದೆಯೋ ಅಷ್ಟು ಓಡಾಟ ಬಳಕೆಯಾಗಿದೆ ಅಂತ. ನನ್ನದರಲ್ಲಿ ಟೈ ಸೀದಾ ಬಂಪ್ ಸ್ಟಾಪಿಗೆ ಅಂಟಿಕೊಂಡಿತ್ತು. ನಿಂತ ಕಾರಿನಲ್ಲಿ ಅಲ್ಲಿಗಿದ್ದ ಅಂತರ ಬರೀ 20 ಮಿಮೀ. ಅದೂ ಡ್ರೈವರ್ ಒಬ್ಬನೇ ಕೂತಾಗ.

ಹಂಪ್‌ಗಳ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟು ಎತ್ತರಿಸಬೇಕು ಅಂತ ತೀರ್ಮಾನಿಸಿದ್ದು ಇದರಿಂದಲೇ. ರಸ್ತೆಗಳಿಗೆ ಮಾನದಂಡ ಕೊಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಅಳತೆ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಕಮಾನಿನಂತೆ ಇರಬೇಕು. 25 ಕಿಮೀ ವೇಗದಲ್ಲಿ ದಾಟಲು ಮಾಡಿದ ಅಳತೆ ಅದು. ಸ್ವಿಫ್ಟ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ, 2430 ಮಿಮೀ. ಅಂದರೆ ನಡುವೆ ಬರುವಾಗ ನಾಲ್ಕೂ ಗಾಲಿ ಹಂಪ್ ಮೇಲೆಯೇ ಇರುತ್ತವೆ, ಹೊಟ್ಟೆಯ ಕೆಳಗೆ ಕಮಾನು ಉಬ್ಬುವುದು ಸುಮಾರು 43 ಮಿಮೀ ಮಾತ್ರ. ಲೋವರ್ ಮಾಡಿದ ಕಾರೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮ ಗಲ್ಲಿಯ ಹಂಪ್ ಒಂದು ಅಡಿ ಅಗಲದ ಡಾಂಬರಿನ ದಿಂಡು. ಗಾಲಿ ಎರಡೂ ಕಡೆ ನೆಲದ ಮೇಲೆ, ಹಂಪ್ ಪೂರ್ತಿ ಹೊಟ್ಟೆಯ ಕೆಳಗೆ. ಕಂಪನಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಗಿರುವ ಅಂತರ) 170 ಮಿಮೀ. 45 ಇಳಿಸಿದರೆ 125. ಅದೇ 10 ಸೆಂಮೀ ಹಂಪ್ ಅಂದುಕೊಂಡರೂ ಉಳಿದದ್ದು 25 ಮಿಮೀ. ಹಿಂದೆ ಇಬ್ಬರು ಕೂತರೆ ಅದೂ ಇಲ್ಲ. ಅದಕ್ಕೇ ಕಂಪನಿ ಎತ್ತರಕ್ಕಿಂತ ಸುಮಾರು 25 ಮಿಮೀ ಮಾತ್ರ ಇಳಿದಿರಲಿ ಅಂತ ನಾನು ಗೆರೆ ಹಾಕಿಕೊಂಡೆ.

ಮೊದಲು ಮುಟ್ಟಿದ್ದು ಟೈರು. ಖರ್ಚಿಗೆ ಹೋಲಿಸಿದರೆ ಅತಿ ಜಾಸ್ತಿ ಫಲ ಕೊಟ್ಟಿದ್ದೂ ಅದೇ. 205/45 ಆರ್17 ಅಂದರೆ ಟೈರಿನ ಅಗಲ 205 ಮಿಮೀ, ಗೋಡೆ ಅದರ 45%, ರಿಮ್ 17 ಇಂಚು. ಹಾಗಾಗಿ ಗೋಡೆಯ ಎತ್ತರ 92 ಮಿಮೀ. ಇದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿ ಕೊಡುತ್ತಿದ್ದ 185/65 ಆರ್15ರಲ್ಲಿ 120 ಮಿಮೀ. ಹೊರಗಿನ ವ್ಯಾಸ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, 616 ಮತ್ತು 621. ಸ್ಪೀಡೋಮೀಟರ್ ಕೆಡುವುದಿಲ್ಲ, ಗಾಲಿ ಕಮಾನಿನಲ್ಲಿ ಖಾಲಿ ಖಾಲಿ ಕಾಣುವುದೂ ಇಲ್ಲ. ಸೇತುವೆಯ ಜಾಯಿಂಟ್, ಕಿತ್ತುಹೋದ ಪೇವರ್ ಬ್ಲಾಕ್, ರಂಬಲ್ ಸ್ಟ್ರಿಪ್, ಇಂಥ ಚಿಕ್ಕ ಚೂಪು ಏಟುಗಳನ್ನು ನುಂಗುವುದು ಟೈರೇ, ಸ್ಪ್ರಿಂಗ್ ಅಲ್ಲ. ಜೊತೆಗೆ ನನ್ನ 17 ಇಂಚಿನ ಅಲಾಯ್ ಕೈಯಲ್ಲಿ ಎತ್ತಿದರೇ ಗೊತ್ತಾಗುವಷ್ಟು ಭಾರ. ಗಾಲಿ ಹಗುರಾದರೆ ಗುಂಡಿಯಲ್ಲಿ ಬೇಗ ಇಳಿದು ಬೇಗ ಏರುತ್ತದೆ, ಬಾಡಿಗೆ ಏಟು ಕಡಿಮೆ. ನೋಟ ಬೇಕೇ ಬೇಕು ಅನ್ನುವವರಿಗೆ 195/55 ಆರ್16 ನಡುವಿನ ದಾರಿ: ಗೋಡೆ 107 ಮಿಮೀ, ವ್ಯಾಸ ಮತ್ತೆ 621ರ ಹತ್ತಿರ.

ಗಾಳಿ ಬಗ್ಗೆ ಎರಡು ಮಾತು. ಪಂಪಿನಲ್ಲಿ ಕೇಳದೆಯೇ 35 ಪಿಎಸ್‌ಐ ತುಂಬಿಬಿಡುತ್ತಾರೆ. ಕಾರಿಗೆ ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್ ಮೇಲೆ ಬರೆದಿರುತ್ತದೆ, ಅದೂ ತಣ್ಣಗಿನ ಟೈರಿಗೆ. ಬೆಳಿಗ್ಗೆ ಕಾರು ತೆಗೆಯುವ ಮೊದಲು ಮನೆಯಲ್ಲೇ ನೋಡಿ. ಬಡಿತ ತಗ್ಗಿಸಲು ಸ್ಟಿಕರ್‌ಗಿಂತ ಕೆಳಗೆ ಇಳಿಸಬೇಡಿ. ಗುಂಡಿಯಲ್ಲಿ ರಿಮ್ ಬಗ್ಗುವುದು, ಟೈರಿನ ಗೋಡೆ ಉಬ್ಬುವುದು ಹಾಗೇ.

ಇನ್ನು ಹಿಂದಿನ ಕತ್ತರಿಸಿದ ಸ್ಪ್ರಿಂಗ್. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರು ಸುತ್ತಿದೆ ಅಂದುಕೊಳ್ಳಿ. ಒಂದೂವರೆ ಕತ್ತರಿಸಿದರೆ ಉಳಿದ ನಾಲ್ಕೂವರೆ ಮೊದಲಿಗಿಂತ ಸುಮಾರು 33% ಗಟ್ಟಿ. ಎತ್ತರ ಇಳಿಯಿತು, ಗಡಸುತನ ಏರಿತು. ಇದಕ್ಕಿಂತ ದೊಡ್ಡ ತೊಂದರೆ, ಕಾರನ್ನು ಜಾಕ್ ಮೇಲೆ ಎತ್ತಿದಾಗ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ಆಡುತ್ತಿತ್ತು. ಹಂಪ್ ಮೇಲೆ ಜೋರಾಗಿ ಹಾರಿದರೆ ಅದು ಜಾಗ ತಪ್ಪಿ ಕೂರಬಹುದು. ಗ್ಯಾಸ್ ಕಟರ್‌ನಿಂದ ಕೊಯ್ದಿದ್ದರೆ ಆ ಬಿಸಿಗೆ ಸ್ಪ್ರಿಂಗಿನ ಉಕ್ಕಿನ ಹದವೂ ಹೋಗಿರುತ್ತದೆ. ಕತ್ತರಿಸಿದ ಸ್ಪ್ರಿಂಗ್ ಇರುವ ಕಾರು ಕೊಂಡರೆ ಆರಾಮದ ಮಾತು ಆಮೇಲೆ. ಮೊದಲು ಅದನ್ನು ತೆಗೆಯಿರಿ.

ಹಿಂದೆ ಮುಂದೆ ಹೊಂದಾಣಿಕೆ ಅಂತಲೂ ಒಂದಿದೆ. 1930ರ ದಶಕದಲ್ಲೇ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಇದನ್ನು ಹೇಳಿದ್ದರು. ಗುಂಡಿ ಮೊದಲು ಸಿಗುವುದು ಮುಂದಿನ ಗಾಲಿಗೆ. ಸ್ವಿಫ್ಟ್‌ನಲ್ಲಿ 40 ಕಿಮೀ ವೇಗಕ್ಕೆ ಹಿಂದಿನ ಗಾಲಿ ಸುಮಾರು 0.22 ಸೆಕೆಂಡ್ ತಡವಾಗಿ ಬರುತ್ತದೆ. ಹಿಂಬದಿ ಸ್ವಲ್ಪ ಚುರುಕಾಗಿ ಕುಣಿದರೆ ಮುಂಬದಿಯನ್ನು ಹಿಡಿದುಬಿಡುತ್ತದೆ, ಕಾರು ತೂಗಾಡದೆ ಒಟ್ಟಿಗೆ ಏರಿಳಿಯುತ್ತದೆ. ಆದರೆ ಸ್ವಲ್ಪ ಅಂದರೆ ಸ್ವಲ್ಪವೇ. ಹಿಂದೆ ತೀರಾ ಗಟ್ಟಿಯಾದರೆ ಹಿಂದಿನ ಸೀಟು ಒದೆಯುತ್ತದೆ. ಅದಕ್ಕೇ ಮುಂದಿನದು ಒಂದು ಕಡೆಯದು, ಹಿಂದಿನದು ಇನ್ನೊಂದು ಕಡೆಯದು ಅಂತ ಹಾಕಬಾರದು. ನಾಲ್ಕೂ ಒಂದೇ ಸೆಟ್ ಇರಬೇಕು. ನಾನು 25 ಮಿಮೀ ಇಳಿಸುವ, ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಸೆಟ್ ಹಾಕಿಸಿದೆ.

ಶಾಕಪ್ ಹಳೆಯದೇ ಇರಲಿ ಅಂತ ಹಲವರು ಹೇಳಿದರು. ನನ್ನ ಪ್ರಕಾರ ಇದು ತಪ್ಪು ಉಳಿತಾಯ. ಬಂಪ್ ಸ್ಟಾಪಿಗೆ ಬಡಿಸಿಕೊಂಡು ಓಡಿದ ಶಾಕಪ್ ಎಣ್ಣೆ ಸೋರಿಸಲು ಶುರು ಮಾಡಿರುತ್ತದೆ. ಮೇಲಾಗಿ ಸ್ಪ್ರಿಂಗ್ ಗಟ್ಟಿಯಾದಾಗ ಅದು ವಾಪಸ್ ಚಿಮ್ಮುವುದನ್ನು ಹಿಡಿಯಲು ಶಾಕಪ್‌ಗೂ ಅಷ್ಟೇ ಶಕ್ತಿ ಬೇಕು. ಇಲ್ಲವಾದರೆ ಒಂದು ಹಂಪ್‌ಗೆ ಕಾರು ಮೂರು ಸಲ ಕುಣಿಯುತ್ತದೆ. ಲೋವರ್ ಮಾಡಿದ ಕಾರಿಗೆಂದೇ ಗಿಡ್ಡ ಬಾಡಿಯ ಶಾಕಪ್ ಬರುತ್ತವೆ. ಬಿಲ್‌ಸ್ಟೀನ್‌ನವರ ಬಿ6 ಕಂಪನಿ ಎತ್ತರದ ಕಾರಿಗೆ, ಬಿ8 ಲೋವರ್ ಮಾಡಿದ ಕಾರಿಗೆ. ಆ ಬೆಲೆ ನನ್ನ ಸ್ವಿಫ್ಟ್‌ಗೆ ಹೊಂದುವುದಿಲ್ಲ. 25 ಮಿಮೀಗೆ ಅದರ ಅಗತ್ಯವೂ ಇಲ್ಲ ಅನ್ನಿಸಿ ಕಂಪನಿ ಉದ್ದದ ಹೊಸ ಗ್ಯಾಸ್ ಶಾಕಪ್ ನಾಲ್ಕೂ ಹಾಕಿಸಿದೆ. ಪುಣೆಯಲ್ಲಿ ಇದಕ್ಕೆ ಪರದಾಡಬೇಕಿಲ್ಲ. ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ. ಗೇಬ್ರಿಯಲ್ ಶಾಕಪ್ ಕಾರ್ಖಾನೆಯೇ ಚಾಕಣದಲ್ಲಿದೆ.

ಬಂಪ್ ಸ್ಟಾಪ್ ಕೂಡ ಹೊಸದು. ಹಳೆಯದು ಕೈಯಲ್ಲಿ ಪುಡಿಯಾಗುತ್ತಿತ್ತು. ಇದನ್ನು ಕಿತ್ತು ಬಿಸಾಡಿ ಜಾಗ ಮಾಡಿಕೊಳ್ಳಿ ಅನ್ನುವವರ ಮಾತು ಕೇಳಬೇಡಿ. ಬಂಪ್ ಸ್ಟಾಪ್ ಕೂಡ ಒಂದು ಸ್ಪ್ರಿಂಗೇ, ಕೊನೆಯ ಸ್ಪ್ರಿಂಗ್. ಮೊದಲು ಮೆತ್ತಗೆ ತಗಲಿ ಆಮೇಲೆ ಬಿಗಿಯಾಗುವ ಫೋಮಿನದು ಹಾಕಿದರೆ, ತಗಲಿದ್ದು ಗೊತ್ತೇ ಆಗುವುದಿಲ್ಲ. ಹಾಗೇ ಸ್ಪ್ರಿಂಗ್ ಸುತ್ತಿನ ನಡುವೆ ತುರುಕುವ ರಬ್ಬರ್ ಬಫರ್ ಮಾರುತ್ತಾರಲ್ವಾ, "ಕಾರು ಎತ್ತರ ಆಗುತ್ತೆ, ಆರಾಮೂ ಆಗುತ್ತೆ" ಅಂತ? ಎತ್ತರ ಸ್ವಲ್ಪ ಆಗುತ್ತದೆ, ನಿಜ. ಆದರೆ ಎರಡು ಸುತ್ತನ್ನು ಕಟ್ಟಿಹಾಕಿದ ಮೇಲೆ ಆ ಸುತ್ತು ಕೆಲಸ ಮಾಡುವುದಿಲ್ಲ. ಸ್ಪ್ರಿಂಗ್ ಇನ್ನೂ ಗಟ್ಟಿ.

ಬುಷ್ ವಿಷಯ ಬಹಳ ಗ್ಯಾರೇಜ್‌ಗಳಲ್ಲಿ ತಪ್ಪುತ್ತದೆ. ಲೋವರ್ ಆರ್ಮ್‌ನ (ಗಾಲಿಯನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು) ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲೆ ನೇತಾಡುವಾಗ ಬೋಲ್ಟ್ ಬಿಗಿ ಮಾಡಿದರೆ, ಕೆಳಗಿಳಿಸಿದ ಕ್ಷಣದಿಂದ ಬುಷ್ ತಿರುಚಿಕೊಂಡೇ ಕೂತಿರುತ್ತದೆ. ಸವಾರಿ ಬಿಗಿ ಅನ್ನಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಇಟ್ಟು, ಗಾಲಿ ಮೇಲೆ ಕಾರಿನ ಭಾರ ಬಂದ ಮೇಲೆ ಬಿಗಿ ಮಾಡಬೇಕು. ನಮ್ಮ ಮೆಕ್ಯಾನಿಕ್‌ಗೆ ಇದು ಮೊದಲೇ ಗೊತ್ತಿತ್ತು. ಶಾಕಪ್ ಮೌಂಟಿಂಗ್, ಲಿಂಕ್ ರಾಡ್ ಜೊತೆಗೇ ಬದಲಾಯಿಸಿದೆವು. ಆಮೇಲೆ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ (ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಮಾಡಿಸದಿದ್ದರೆ ಟೈರು ಒಂದೇ ಕಡೆ ಸವೆಯುತ್ತದೆ.

ಓಡಿಸುವ ರೀತಿಯಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. ಗುಂಡಿ ಕಂಡರೆ ಮೊದಲೇ ಬ್ರೇಕ್ ಹಾಕಿ, ಗಾಲಿ ಬೀಳುವ ಮುಂಚೆ ಕಾಲು ತೆಗೆಯುವುದು. ಬ್ರೇಕ್ ಒತ್ತಿಕೊಂಡೇ ಇಳಿದರೆ ಮುಂಬದಿ ಮೊದಲೇ ಕುಸಿದಿರುತ್ತದೆ, ಇರುವ ಚೂರು ಜಾಗವೂ ಅಲ್ಲೇ ಖರ್ಚು.

ಕಾನೂನನ್ನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ವಿಮೆ ಕಂಪನಿಗೆ ನಾನು ಬದಲಾವಣೆಯನ್ನು ಬರೆದು ತಿಳಿಸಿದ್ದೇನೆ. ಕಂಪನಿ ಸ್ಪ್ರಿಂಗ್‌ನ ಒಂದು ಹೊಸ ಸೆಟ್ಟೂ ಮನೆಯಲ್ಲಿದೆ.

ಈಗ ಕೇಬಲ್ ಟೈ ಏನು ಹೇಳುತ್ತದೆ? ಒಬ್ಬನೇ ಹೋದರೆ ಬಂಪ್ ಸ್ಟಾಪಿನಿಂದ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಅವ್ವ ಹಿಂದಿನ ಸೀಟಿಗೆ ಬಂದಿದ್ದಾಳೆ, ಕಾಲು ಚಾಚಲು ಅಲ್ಲೇ ಅನುಕೂಲವಂತೆ. ಊರಿಗೆ, ಅಂದರೆ ಧಾರವಾಡಕ್ಕೆ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಹೊರಟಾಗ ಮಾತ್ರ ಹಿಂದೆ ಇನ್ನೂ ತಗಲುತ್ತದೆ. ಅದರಲ್ಲೂ ಸಾತಾರಾದಿಂದ ಕಾಗಲ್‌ವರೆಗಿನ ರಸ್ತೆ ಅಗಲೀಕರಣದ ಡೈವರ್ಶನ್‌ಗಳಲ್ಲಿ. ಅಂಥ ದಿನ ಸ್ಟಿಕರ್‌ನಲ್ಲಿ ಪೂರ್ತಿ ಭಾರಕ್ಕೆ ಅಂತ ಬರೆದಿರುವಷ್ಟು ಗಾಳಿ ಹಿಂದಿನ ಟೈರಿಗೆ ಹಾಕಿಸುತ್ತೇನೆ, ಭಾರದ ಚೀಲಗಳನ್ನು ಡಿಕ್ಕಿಯ ಬದಲು ಹಿಂದಿನ ಸೀಟಿನ ಕಾಲ ಬಳಿ ಇಡಿಸುತ್ತೇನೆ. ಡೈವರ್ಶನ್ ಬಂದಾಗ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹೋಗುತ್ತೇನೆ.