ದಮ್ಮು ಇರುವ ಹಿರಿಯರಿಗೆ ಪ್ರೋಟೀನ್ ಪುಡಿ: ನಾನು ಕೊಡುವ ರೀತಿ

ನಾನು ಡಯಟೀಷಿಯನ್. ನನ್ನ ಹತ್ತಿರ ಬರುವವರಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ವಯಸ್ಸಾದವರೇ ಜಾಸ್ತಿ. ಗಂಡಸರು ಹೆಚ್ಚಾಗಿ ಬೀಡಿ ಸೇದಿದವರು. ಹೆಂಗಸರು ಬೀಡಿ ಮುಟ್ಟದವರು, ಆದರೆ ವರ್ಷಾನುಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದವರು. ಜೊತೆಗೆ ಬಂದ ಮಗನೋ ಸೊಸೆಯೋ ಕೂತ ತಕ್ಷಣ ಕೇಳುವುದು, "ಮೇಡಂ, ಯಾವ ಪೌಡರ್ ತರೋಣ?"

ನಾನು ಮೊದಲು ಕಾಲು ನೋಡುತ್ತೇನೆ. ಮೀನಖಂಡಕ್ಕೆ ಟೇಪ್ ಸುತ್ತಿದಾಗ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಸ್ನಾಯು ಕರಗಿರುವ ಅನುಮಾನ. ಕಾಲು ಊದಿದ್ದರೆ ಟೇಪೂ ಸುಳ್ಳು, ತೂಕದ ಯಂತ್ರವೂ ಸುಳ್ಳು. ಅದಕ್ಕೇ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳುತ್ತೇನೆ. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಕಾಲಿನ ಬಲ ಇಳಿದಿದೆ ಅಂತ ಲೆಕ್ಕ.

ಆಮೇಲೆ ಅವರು ಊಟ ಮಾಡುವುದನ್ನು ನೋಡಬೇಕು. ವಾರ್ಡಿನಲ್ಲಿ ಒಬ್ಬ ಅಜ್ಜಿ ಎರಡು ತುತ್ತು ಅನ್ನ ಸಾರು ಉಣ್ಣುವರು, ತಟ್ಟೆ ತೊಡೆ ಮೇಲಿಟ್ಟು ತುಟಿ ಚೂಪು ಮಾಡಿ ಉಸಿರು ಬಿಡುವರು, ಮತ್ತೆ ಒಂದು ತುತ್ತು. ಅರ್ಧ ಅನ್ನ ಹಾಗೇ ಉಳಿಯಿತು. "ಹಸಿವೇ ಇಲ್ಲ ಅಂತಾರೆ" ಎಂದರು ಸೊಸೆ. ಹಸಿವು ಇತ್ತು, ಉಸಿರು ಸಾಲುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಗಾಳಿ ಒಳಗೇ ಉಳಿದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವನ್ನು, ಕೆಳಗೆ ಒತ್ತುತ್ತದೆ. ಹೊಟ್ಟೆ ತುಂಬಿದರೆ ಅದಕ್ಕೆ ಅಲುಗಾಡಲು ಜಾಗವೇ ಇರಲ್ಲ. ಸಾಲದ್ದಕ್ಕೆ ಉಸಿರಾಡುವುದಕ್ಕೇ ಜಾಸ್ತಿ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ದೊಡ್ಡ ಊಟ ಬಿಡಿಸಿ, ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿಸುತ್ತೇನೆ.

ಸ್ನಾಯು ಸವೆದವರಿಗೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ನನ್ನ ಗುರಿ. 45 ಕಿಲೋ ಇರುವವರಿಗೆ ದಿನಕ್ಕೆ ಸುಮಾರು 54ರಿಂದ 67 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ನೀರು ನೀರಾದ ರಾಗಿ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದು ಕಮ್ಮಿ. ಅದಕ್ಕೆ ಹಾಲು, ಹುರಿಗಡಲೆ ಹಿಟ್ಟು, ಶೇಂಗಾ ಪುಡಿ ಸೇರಿಸಿ ಅಂತೀನಿ. ಇಷ್ಟೆಲ್ಲ ಮಾಡಿಯೂ ಕಡಿಮೆ ಬಿದ್ದದ್ದನ್ನು ಪುಡಿಯಿಂದ ತುಂಬಿಸುತ್ತೇನೆ.

ಪುಡಿ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. 100 ಗ್ರಾಂನಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು? ಶ್ವಾಸಕೋಶಕ್ಕೆಂದೇ ಮಾಡಿದ, ಕೊಬ್ಬು ಜಾಸ್ತಿ ಇರುವ ದುಬಾರಿ ಡಬ್ಬಿಗಳೂ ಇವೆ. ಕಾಯಿಲೆ ಹತೋಟಿಯಲ್ಲಿರುವವರಿಗೆ ಅವುಗಳಿಂದ ಹೆಚ್ಚಿನ ಲಾಭವಿಲ್ಲ ಅಂತ ಯುರೋಪಿನ ಪೌಷ್ಟಿಕತೆ ತಜ್ಞರ ಸಂಘ 2006ರಲ್ಲೇ ಹೇಳಿದೆ. ನಾನು ಬರೆದುಕೊಡುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ನೋಡದೆ ಯಾವ ಪುಡಿಯನ್ನೂ ಹೇಳಲ್ಲ.

ಡಬ್ಬಿ ದುಬಾರಿ ಅಂತ ಎಷ್ಟೋ ಮನೆಗಳಲ್ಲಿ ಒಂದೇ ಚಮಚ ಪುಡಿಯನ್ನು ಲೋಟ ನೀರಿಗೆ ಕಲಸಿ ಕೊಡುತ್ತಾರೆ. ಅದು ಬರೀ ಬಣ್ಣದ ನೀರು. ಡಬ್ಬಿಯ ಚಮಚ, ಮನೆಯ ಲೋಟ ತರಿಸಿ ನನ್ನೆದುರೇ ಕಲಸಿಸುತ್ತೇನೆ. ಊಟಕ್ಕೆ ಮುಂಚೆ ಕೊಟ್ಟರೆ ಊಟ ಕೆಡುತ್ತದೆ. ಮಾತ್ರೆ ನುಂಗುವ ಹೊತ್ತಿಗೆ ಸಾದಾ ನೀರಿನ ಬದಲು 60 ಮಿಲಿಯಷ್ಟು ಕಲಸಿದ ಪುಡಿಯನ್ನೇ ಕೊಟ್ಟರೆ ದಿನದಲ್ಲಿ ಮೂರ್ನಾಲ್ಕು ಸಲ ಸುಲಭವಾಗಿ ಒಳಗೆ ಹೋಗುತ್ತದೆ. ಪುಡಿಯಲ್ಲಿ ಹಾಲಿನ ಅಂಶ ಇರಬಹುದು, ಹಾಗಾಗಿ ಹಾಲಿನ ಜೊತೆ ತಗೊಳ್ಳಬಾರದ ಮಾತ್ರೆ ಇದೆಯಾ ಅಂತ ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ.

ಪುಡಿ ಕುಡಿದು ಮಂಚದಲ್ಲೇ ಮಲಗಿದರೆ ಕಾಲಿಗೆ ಬಲ ಬರಲ್ಲ. ಫಿಸಿಯೋಥೆರಪಿಸ್ಟ್ ಹೇಳಿದಷ್ಟು ಸಲ ಕುರ್ಚಿಯಿಂದ ಏಳಬೇಕು, ನಡುವೆ ಉಸಿರು ಹಿಡಿಯದೆ ತುಟಿ ಚೂಪು ಮಾಡಿ ಬಿಡಬೇಕು. ಮುಂದಿನ ಸಲ ಬಂದಾಗ ಮತ್ತೆ ಅದೇ ಐದು ಸಲದ ಪರೀಕ್ಷೆ ಮಾಡಿ, ಹಳೇ ಸೆಕೆಂಡುಗಳ ಪಕ್ಕ ಹೊಸದನ್ನು ಬರೆಯುತ್ತೇನೆ. ಪುಡಿ ಮುಂದುವರಿಸಬೇಕೋ ನಿಲ್ಲಿಸಬೇಕೋ ಅಂತ ಅದನ್ನು ನೋಡಿಯೇ ಹೇಳುತ್ತೇನೆ.